ಹಲಸಿನ ಮಾತೆಯ ಕಣ್ಣು

ಆಂಟಾಪ್ ಹಿಲ್, ಮುಂಬಯಿ
12 ಜನವರಿ 2025

ಕಾರ್ಕಳದ ದೊಡ್ಡಪ್ಪನಿಗೆ ಹರಿಣಿಯ ನಮಸ್ಕಾರ.

ನಿನ್ನೆ ಫೋನಿನಲ್ಲಿ ಅರ್ಧ ಗಂಟೆ ಕಿರುಚಿದೆ. ಪಕ್ಕದ ಫ್ಲ್ಯಾಟಿನವರು ಬಂದು ಬೆಲ್ ಒತ್ತಿ ಯಾರಿಗೆ ಏನಾಯಿತು ಎಂದು ವಿಚಾರಿಸಿದರು. ನಿಮಗೆ ಮಾತ್ರ ಒಂದಕ್ಷರ ಕೇಳಿಸಲಿಲ್ಲ. ಕಳೆದ ವರ್ಷ ತೆಗೆಸಿಕೊಟ್ಟ ಕಿವಿಯ ಮೆಶಿನನ್ನು ಪೆಟ್ಟಿಗೆ ಸಮೇತ ದೇವರ ಕೋಣೆಯಲ್ಲಿಟ್ಟು ಕುಂಕುಮ ಹಚ್ಚಿದ್ದೀರಂತೆ, ದೊಡ್ಡಮ್ಮ ಹೇಳಿದರು. ಆಯಿತು, ಕಾಗದವೇ ಸರಿ. ನನ್ನ ಅಕ್ಷರಕ್ಕೆ ಬೈಯಬೇಡಿ.

ದಾದರ್ ಪೂರ್ವದ ಹಳೆಯ ಗಾಂವ್‌ಠಾಣಿನೊಳಗೆ, ಎಂದರೆ ಶಹರ ಬೆಳೆಯುವ ಮೊದಲಿನ ಹಳ್ಳಿಯ ಕೇರಿಯೊಳಗೆ, ಪ್ರಯಾಣ ಮಾತೆಯ ಇಗರ್ಜಿ ಇದೆ, ಪೋರ್ತುಗೀಸರು ಕಟ್ಟಿದ ಚರ್ಚು. ಈ ಸೆಪ್ಟೆಂಬರ್ ಎಂಟಕ್ಕೆ ಅದಕ್ಕೆ ನಾನೂರು ವರ್ಷ ತುಂಬುತ್ತದೆ. ರಿಪೇರಿ ಹೇಗೆ ಮಾಡಬೇಕೆಂದು ಹೇಳಲು, ಜುಬಿಲಿ ಪುಸ್ತಕಕ್ಕೆ ಕಟ್ಟಡದ ಚರಿತ್ರೆ ಬರೆಯಲು ನನ್ನನ್ನು ಕರೆದಿದ್ದಾರೆ. ಹಳೆಯ ಕಟ್ಟಡವನ್ನು ಹಳೆಯದಾಗಿಯೇ ಉಳಿಸುವುದು ನನ್ನ ಕೆಲಸ ಎಂದರೆ ನೀವೂ ಒಂದು ಕಾಲಕ್ಕೆ ನಕ್ಕವರು. ಇಲ್ಲಿ ಯಾರೂ ನಗುವುದಿಲ್ಲ, ತಲೆಯಾಡಿಸುತ್ತಾರೆ, ಆಮೇಲೆ ತಮಗೆ ಬೇಕಾದ್ದನ್ನೇ ಮಾಡುತ್ತಾರೆ.

ಎದುರಿನ ಗೋಡೆ ಎಷ್ಟು ಚಂದ ಗೊತ್ತೇ? ಕರಿಕಲ್ಲಿನ ಮೇಲೆ ಸುಣ್ಣದ ಗಾರೆ, ಎರಡು ಗಿಡ್ಡ ಗೋಪುರ, ನಡುವೆ ಮೂರು ಕಮಾನು. ಸಮುದ್ರದ ಗಾಳಿ ಬರುವ ಕಡೆ ಗೋಡೆ ಎರಡು ಮೊಳ ದಪ್ಪ. ಮಾಡಿಗೆ ನಮ್ಮ ಮಂಗಳೂರು ಹೆಂಚು. ಕಿಟಕಿಗಳಲ್ಲಿ ಗಾಜಿನ ಬದಲು ತೆಳ್ಳಗೆ ಉಜ್ಜಿದ ಚಿಪ್ಪಿನ ಬಿಲ್ಲೆಗಳು, ಒಳಗೆ ಬೀಳುವ ಬೆಳಕು ನೀರುಹಾಲಿನ ಹಾಗೆ. ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ಕಮಿಟಿಯವರು ಒಂದು ಬದಿಯ ಚಿಪ್ಪನ್ನೆಲ್ಲ ಕಿತ್ತು ಅಲ್ಯೂಮಿನಿಯಂ ಕಿಟಕಿ ಕೂರಿಸಿದ್ದಾರೆ. ಕಿತ್ತ ಚಿಪ್ಪು ಸಂಡಾಸಿನ ಹಿಂದಿನ ಗಟಾರದಲ್ಲಿದೆ. ನೆಲದಲ್ಲಿ ಇನ್ನೂರೈವತ್ತು ವರ್ಷ ಹಳೆಯ ಸಮಾಧಿಯ ಕಲ್ಲುಗಳು, ಪೋರ್ತುಗೀಸಿನಲ್ಲಿ ಸತ್ತವರ ಹೆಸರು, ಅವುಗಳ ಮೇಲೆ ಆಸ್ಪತ್ರೆಯಲ್ಲಿ ಹಾಕುವಂಥ ಹೊಳೆಯುವ ಟೈಲ್ಸ್. ಒಂದು ಮಗುವಿನ ಸಮಾಧಿಯ ಮೇಲೆ ಸಿಮೆಂಟ್ ಕಲಸುತ್ತಿದ್ದರು. ಕಮಿಟಿಯ ಅಧ್ಯಕ್ಷರು ಫ್ಲೇವಿ ಮಿಸ್ಕಿಟಾ ಎಂಬವರು, ಕೈಗೆ ನಾಲ್ಕು ಉಂಗುರ. "ಮ್ಯಾಡಮ್, ಏಕ್‌ದಮ್ ಫೈವ್ ಸ್ಟಾರ್ ಲಗ್‌ನಾ ಚಾಹಿಯೇ," ಎಂದರು, ಫೈವ್ ಸ್ಟಾರ್ ಹೋಟೆಲಿನ ಹಾಗೆ ಕಾಣಬೇಕಂತೆ. ಅವರು ಕೊಟ್ಟ ಬಿಸ್ಕತ್ತನ್ನು ತಟ್ಟೆಗೇ ವಾಪಸು ಹಾಕಿದೆ.

ಬಲಿಪೀಠದ ಹಿಂದೆ ಮೂರಾಳೆತ್ತರದ ಮರದ ಕೆತ್ತನೆ, ಅದರ ತಿರುಚಿದ ಕಂಬಗಳಿಗೆ ಸುತ್ತಿಕೊಂಡ ದ್ರಾಕ್ಷಿ ಬಳ್ಳಿ. ಎಲ್ಲದಕ್ಕೂ ಬಂಗಾರದ ಎನಾಮೆಲ್ ಬಳಿದಿದ್ದಾರೆ, ಧೂಪದ ವಾಸನೆಯ ಜೊತೆ ಟರ್ಪೆಂಟೈನ್ ವಾಸನೆ. ಆದರೆ ಎಡಗಡೆಯ ಕಂಬ ನೋಡಿ ನಾನು ನಿಂತುಬಿಟ್ಟೆ. ಅದರ ಎಲೆ ದ್ರಾಕ್ಷಿಯದ್ದಲ್ಲ, ಒಳ್ಳೆಮೆಣಸಿನದ್ದು. ಕಾಯಿಯೂ ಗೊಂಚಲಲ್ಲ, ಮೆಣಸಿನ ಕದಿರು. ಯುರೋಪಿನ ಯಾವ ಬಡಗಿ ಮೆಣಸಿನ ಬಳ್ಳಿ ಕೆತ್ತುತ್ತಾನೆ? ನೀವು ಹಿಂದೆ ದಾದರಿನ ಯಾವುದೋ ಇಗರ್ಜಿಯಲ್ಲಿ ಕೆಲಸ ಮಾಡಿದ್ದಿರಿ ಎಂದು ಅಪ್ಪ ಹೇಳುತ್ತಿದ್ದರು. ಇದೇ ಹೌದೋ?

ನಡುವಿನ ಗೂಡಿನಲ್ಲಿ ಮಾತೆ ಇದ್ದಾಳೆ, ಕಣ್ಣು ಮುಚ್ಚಿಕೊಂಡಿದ್ದಾಳೆ. ಸಾವಿರದ ಆರುನೂರರ ಕಾಲದಲ್ಲಿ ಪೋರ್ತುಗಾಲಿನ ಲಿಸ್ಬನ್‌ನಿಂದ ಹಡಗಿನಲ್ಲಿ ಬಂದವಳಂತೆ, ಪ್ಲೇಗಿನ ವರ್ಷ ಹೆಣಗಳನ್ನು ನೋಡಲಾರದೆ ತಾನೇ ಕಣ್ಣು ಮುಚ್ಚಿದಳಂತೆ. ಬುಧವಾರ ಜನ ಸಾಲುಗಟ್ಟಿ ಬಂದು ಮೇಣದ ಕಣ್ಣು ಇಡುತ್ತಾರೆ, ರೋಗ ಬಂದ ಅಂಗವನ್ನು ಮೇಣದಲ್ಲಿ ಮಾಡಿಸಿ ಹರಕೆ ಒಪ್ಪಿಸುವುದು ಇಲ್ಲಿಯ ಪದ್ಧತಿ. ಇಲ್ಲಿ ಕಸ ಗುಡಿಸುವ ನಾಗವ್ವ ಎಂಬವಳು ಇದ್ದಾಳೆ, ಧಾರಾವಿಯಲ್ಲಿ ಮನೆ, ಬಾಗಲಕೋಟೆ ಕಡೆಯವಳು. ನನಗೆ ಕನ್ನಡ ಮಾತಾಡಲು ಇರುವವಳು ಅವಳೊಬ್ಬಳೇ. ಅವಳೂ ವಾರ ತಪ್ಪದೆ ಇಡುತ್ತಾಳೆ, ಪಾಪ, ಕಣ್ಣಿಗೆ ಪೊರೆ ಬಂದಿರಬೇಕು. ಲಿಸ್ಬನ್ ಕಥೆಯನ್ನು ನಾನು ನಂಬುವುದಿಲ್ಲ. ನಿಮಗೆ ಏನಾದರೂ ಗೊತ್ತಿದ್ದರೆ ಬರೆಯಿರಿ.

ಹರಿಣಿ

*

ಕಾರ್ಕಳ
25 ಜನವರಿ 2025

ಮಗಾ ಹರಿಣಿ,

ಕಾಗದ ಸಿಕ್ಕಿತು. ನಾವಿಬ್ಬರೂ ಸೌಖ್ಯ. ಮೆಶಿನಿನ ವಿಷಯ ಬಿಡು. ಅದನ್ನು ಹಾಕಿದರೆ ಊರವರ ಮಾತೆಲ್ಲ ಕೇಳಿಸುತ್ತದೆ, ಅದಕ್ಕಿಂತ ಇದೇ ಸುಖ.

ಹೌದು, ಆ ಇಗರ್ಜಿಯೇ. ಎಪ್ಪತ್ತನಾಲ್ಕರಿಂದ ಎಪ್ಪತ್ತಾರರವರೆಗೆ. ಆಗ ನಾನು ಆಂಟಾಪ್ ಹಿಲ್ಲಿನ ಒಂದು ಶೆಡ್ಡಿನಲ್ಲಿ ಹೋಟೆಲುಗಳಿಗೆ ಬೆಂಚು, ಶೋಕೇಸು ಮಾಡಿಕೊಂಡಿದ್ದೆ. ದಾದರಿನ ಉಡುಪಿ ಹೋಟೆಲೊಂದರ ಗಲ್ಲಾದ ಮೇಲೆ ನಾನು ಕೆತ್ತಿದ ದೇವರ ಮಂಟಪ ಇತ್ತು. ಅಲ್ಲಿ ಇಡ್ಲಿ ತಿನ್ನಲು ಬರುತ್ತಿದ್ದ ಫಾದರ್ ಲೋಬೊ ಅದನ್ನು ಕಂಡು ನನ್ನನ್ನು ಹುಡುಕಿಸಿದರು. ಮಂಗಳೂರಿನವರು, ತುಳು ಚೆನ್ನಾಗಿ ಬರುತ್ತಿತ್ತು. ಕಂಬಕ್ಕೆ ಗೆದ್ದಲು ಹಿಡಿದಿದೆ, ಹೊಸತು ಕೆತ್ತಿ ಕೂರಿಸು ಎಂದರು. ದ್ರಾಕ್ಷಿಯನ್ನು ನಾನು ಮಾರ್ಕೆಟಿನ ಬುಟ್ಟಿಯಲ್ಲಿ ನೋಡಿದ್ದೆ, ಬಳ್ಳಿ ಕಂಡದ್ದೇ ಇಲ್ಲ. ಕೈ ತನಗೆ ಗೊತ್ತಿದ್ದ ಬಳ್ಳಿಯನ್ನು ಕೆತ್ತಿತು. ಫಾದರ್ ಕೇಳಿದಾಗ ಇದು ನಮ್ಮ ಊರಿನ ದ್ರಾಕ್ಷಿ ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ತೆಗೆಸಲಿಲ್ಲ.

ಮಾತೆಯ ವಿಷಯ ನನಗೆ ಗೊತ್ತಿಲ್ಲ. ಅದನ್ನು ನನ್ನ ಹತ್ತಿರ ಕೇಳಬೇಡ.

ನಿನ್ನ ಟೈಲ್ಸಿನ ಕಥೆ ಓದಿ ನಗು ಬರಲಿಲ್ಲ, ಯಾಕೆಂದರೆ ಇಲ್ಲಿಯೂ ಅದೇ ರೋಗ ಉಂಟು. ನಮ್ಮ ಮನೆಯ ಹಿಂದಿನ ದೇವಸ್ಥಾನದ ಮರದ ಮುಚ್ಚಿಗೆ ನನ್ನ ಅಜ್ಜ ಕೆತ್ತಿದ್ದು, ನೀನು ಸಣ್ಣವಳಿರುವಾಗ ಮಲಗಿಕೊಂಡು ಆನೆ ಎಣಿಸುತ್ತಿದ್ದೆ. ಅದನ್ನು ಕಿತ್ತು ತಗಡು ಹೊದೆಸಿದರು. ದಾನ ಕೊಟ್ಟವರ ಹೆಸರು ದೇವರ ಹೆಸರಿಗಿಂತ ದೊಡ್ಡದಾಗಿ ಬಾಗಿಲಿಗೆ ಹಾಕಿಸಿದರು. ಆಮೇಲೆ ಊಟಕ್ಕೆ ಕರೆದರು. ಕೂತಿದ್ದೆ, ಎಲೆಗೆ ಅನ್ನ ಬಿತ್ತು, ಅಷ್ಟರಲ್ಲಿ ಒಲೆಯ ಕಡೆ ಕಣ್ಣು ಹೋಯಿತು. ಮುಚ್ಚಿಗೆಯ ಹಲಗೆಗಳನ್ನೇ ಸೀಳಿ ಒಲೆಗೆ ಹಾಕಿದ್ದರು. ಒಂದು ಆನೆಯ ಸೊಂಡಿಲು ಇನ್ನೂ ಉರಿಯುತ್ತಿತ್ತು. ಎಲೆ ಮಡಚಿ ಎದ್ದು ಬಂದೆ. ಥೂ, ಇವರ ಭಕ್ತಿಗೆ ಬೆಂಕಿ ಹಾಕಲಿ.

ಒಂದು ಕೇಳುತ್ತೇನೆ. ಮಾತೆಯ ಮುಖದ ಮೇಲೆ ಬಣ್ಣ ಎಷ್ಟು ದಪ್ಪ ಉಂಟು? ಕಣ್ಣಿನ ಹತ್ತಿರ ಮರ ಬಿರಿದಿದೆಯೋ? ಸುಮ್ಮನೆ ಕೇಳಿದ್ದು.

ಸದಾನಂದ

*

ಆಂಟಾಪ್ ಹಿಲ್
20 ಫೆಬ್ರವರಿ 2025

ದೊಡ್ಡಪ್ಪ,

ನಿಮಗೆ ಸುಳ್ಳು ಹೇಳಲು ಬರುವುದಿಲ್ಲ, ಕಾಗದದಲ್ಲಂತೂ ಏನೂ ಬರುವುದಿಲ್ಲ. ಗೊತ್ತಿಲ್ಲದ ಮೂರ್ತಿಯ ಕಣ್ಣಿನ ಹತ್ತಿರ ಮರ ಬಿರಿದಿದೆಯೋ ಎಂದು ಯಾರು ಕೇಳುತ್ತಾರೆ?

ಏಣಿ ಹಾಕಿಸಿ ಮಾತೆಯ ಬೆನ್ನಿನ ಬಣ್ಣವನ್ನು ಉಗುರಿನಗಲ ಕೆರೆದು ನೋಡಿದೆ. ಒಳಗೆ ಅರಿಶಿನ ಬಣ್ಣದ ಮರ. ನಮ್ಮ ಮನೆಯ ತೊಟ್ಟಿಲು ಅದೇ ಮರದ್ದು, ನನಗೆ ಗುರುತು ಸಿಗದೇ ಇರುತ್ತದೆಯೇ? ಲಿಸ್ಬನ್‌ನಲ್ಲಿ ಹಲಸಿನ ಮರ ಯಾರು ನೆಟ್ಟಿದ್ದರು ದೊಡ್ಡಪ್ಪ?

ಮಿಸ್ಕಿಟಾರಿಗೆ ಇನ್ನೂ ಹೇಳಿಲ್ಲ. ಅವರು ಜುಬಿಲಿ ಪುಸ್ತಕಕ್ಕೆ ಆರು ಪುಟ ತಾವೇ ಬರೆದು ತಂದಿದ್ದಾರೆ. ಹಡಗು, ಬಿರುಗಾಳಿ, ಕಡಲಿನಲ್ಲಿ ತೇಲಿದ ಪೆಟ್ಟಿಗೆ, ಕಣ್ಣೀರು ಸುರಿಸಿದ ಕ್ಯಾಪ್ಟನ್. ಎಲ್ಲ ಬಾಯಿಗೆ ಬಂದದ್ದು. ಇದನ್ನು ನನ್ನ ಹೆಸರಿನಲ್ಲಿ ಛಾಪಿಸಬೇಕಂತೆ, ಆರ್ಕಿಟೆಕ್ಟ್ ಬರೆದದ್ದು ಎಂದರೆ ಜನ ನಂಬುತ್ತಾರಂತೆ. ಸಮಾಧಿಯ ಕಲ್ಲಿನ ಮೇಲೆ ನಿಜವಾದ ಚರಿತ್ರೆ ಇದೆ, ಅದನ್ನು ಟೈಲ್ಸಿನಡಿ ಹೂತು ಮೇಲೆ ಕೂತು ಈ ಕಂತೆ ಪುರಾಣ.

ನಾನು ನಿಮ್ಮ ಹೆಸರು ಹಾಕುತ್ತೇನೆ. ಕಾರ್ಕಳದ ಸದಾನಂದ ಆಚಾರ್ಯ, 1976. ದೊಡ್ಡ ಅಕ್ಷರದಲ್ಲಿ. ಐವತ್ತು ವರ್ಷ ಜನ ನಿಮ್ಮ ಕೆಲಸಕ್ಕೆ ಕೈಮುಗಿದು ಲಿಸ್ಬನ್ನಿನವನನ್ನು ಹೊಗಳಿದ್ದಾರೆ. ನಿಮಗೆ ಹೊಟ್ಟೆ ಉರಿಯುವುದಿಲ್ಲವೇ?

ಹರಿಣಿ

*

ಕಾರ್ಕಳ
6 ಮಾರ್ಚ್ 2025

ಮಗಾ,

ನನ್ನ ಹೆಸರು ಹಾಕಬೇಡ. ಹೊಟ್ಟೆ ಉರಿಯುವ ಪ್ರಶ್ನೆ ಅಲ್ಲ ಇದು. ಮುಗಿಯದ ಕೆಲಸಕ್ಕೆ ಹೆಸರು ಹಾಕುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲ.

ಹಳೆಯ ಮಾತೆಯನ್ನು ಗೆದ್ದಲು ಪೂರ್ತಿ ತಿಂದಿತ್ತು, ಕೈ ಹಾಕಿದರೆ ಹಿಟ್ಟು. ಜನಕ್ಕೆ ಗೊತ್ತಾದರೆ ಗಲಾಟೆಯಾದೀತು ಎಂದು ಫಾದರ್ ಪರದೆ ಎಳೆಸಿ, ರಿಪೇರಿ ಎಂದು ಹೇಳಿ, ನನ್ನಿಂದ ಹೊಸತು ಮಾಡಿಸಿದರು. ಮರ ನಾನೇ ಊರಿನಿಂದ ತರಿಸಿದೆ. ಕಣ್ಣೊಂದು ಬಾಕಿ, ಉಳಿದದ್ದೆಲ್ಲ ಆಯಿತು. ನಮ್ಮಲ್ಲಿ ಕಣ್ಣು ಕಡೆಯ ಕೆಲಸ. ಮೂರ್ತಿ ಪೀಠದಲ್ಲಿ ಕೂತ ಮೇಲೆ, ಪೂಜೆಯೆಲ್ಲ ಮುಗಿದ ಮೇಲೆ, ಕೆತ್ತಿದವನು ಉಪವಾಸವಿದ್ದು ಒಬ್ಬನೇ ಒಳಗೆ ಹೋಗಿ ಕಣ್ಣು ಬಿಡಿಸಬೇಕು. ಅಲ್ಲಿಯವರೆಗೆ ಅದು ಮರ. ಬಿಡಿಸಿದ ಮೇಲೆ ಅವನು ಮುಟ್ಟುವ ಹಾಗಿಲ್ಲ. ಇಗರ್ಜಿಯಲ್ಲಿಯೂ ಹಾಗೆಯೇ ಇರಬಹುದು ಎಂದು ನಾನು ಎಣಿಸಿದೆ. ಕೇಳಬೇಕೆಂದು ಹೊಳೆಯಲೇ ಇಲ್ಲ, ಅನ್ನ ಬಾಯಿಂದ ತಿನ್ನುತ್ತೀರೋ ಎಂದು ಯಾರಾದರೂ ಕೇಳುತ್ತಾರೆಯೇ?

ಹಬ್ಬದ ದಿನ ನಾನು ಬೆಳಗಿನಿಂದ ನೀರೂ ಕುಡಿಯದೆ, ಹೊಸ ಮುಂಡು ಉಟ್ಟು, ಸಣ್ಣ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಲಿಪೀಠದ ಪಕ್ಕದ ಕೋಣೆಯಲ್ಲಿ ಕೂತಿದ್ದೆ. ಅಲ್ಲಿ ಪೂಜೆ ಮುಗಿಯಿತು, ಫಾದರ್ ಪವಿತ್ರ ನೀರು ಚಿಮುಕಿಸಿದರು. ನಾನು ಎದ್ದೆ. ಅವರು ಬಂದು ನನ್ನನ್ನು ತಬ್ಬಿಕೊಂಡು ಬಾಯಿಗೆ ಕೇಕು ತುರುಕಿದರು. "ಫಾದರ್, ಕಣ್ಣು ಬಾಕಿ ಉಂಟು" ಎಂದೆ. ಅವರ ಮುಖ ಬಿಳುಚಿತು. "ಮಂತ್ರಿಸಿ ಆಯಿತಲ್ಲ ಸದಾನಂದ, ಇನ್ನು ಉಳಿ ತಾಗಿಸುವ ಹಾಗಿಲ್ಲ" ಎಂದರು. ನಮ್ಮಲ್ಲಿ ಉಳಿ ಪೂಜೆಯ ನಂತರ, ಅವರಲ್ಲಿ ಪೂಜೆಗೆ ಮೊದಲು. ಅವರ ತಪ್ಪಿಲ್ಲ, ನನ್ನದೂ ಇಲ್ಲ. ಬಣ್ಣದವನು ಮೊದಲೇ ಬೋಳು ಕಣ್ಣಿನ ಮೇಲೆ ಮೈಬಣ್ಣ ಬಳಿದು ರೆಪ್ಪೆಯ ಗೆರೆ ಎಳೆದಿದ್ದ. ಹಳೆಯ ಮಾತೆಯ ಮುಖ ದೀಪದ ಮಸಿ ಹಿಡಿದು ಕಣ್ಣೇ ಕಾಣಿಸುತ್ತಿರಲಿಲ್ಲ, ಹಾಗಾಗಿ ಜನ ಇದನ್ನೇ ನಿದ್ದೆ ಎಂದರು, ದುಃಖ ಎಂದರು. ಪ್ಲೇಗಿನ ಕಥೆ ಆಮೇಲೆ ಯಾರೋ ಕಟ್ಟಿದ್ದು.

ಐವತ್ತು ವರ್ಷದಿಂದ ಅಷ್ಟೂ ಜನ ಮರಕ್ಕೆ ಬೇಡುತ್ತಿದ್ದಾರೆ. ನಿನ್ನ ನಾಗವ್ವ ತನ್ನ ಪೊರೆ ಬಂದ ಕಣ್ಣಿನ ಕಥೆಯನ್ನು ಹಲಸಿನ ದಿಮ್ಮಿಗೆ ಹೇಳುತ್ತಿದ್ದಾಳೆ. ಅದನ್ನು ನೆನೆದರೆ ನನಗೆ ನನ್ನ ಕೈಯ ಮೇಲೆಯೇ ಹೇಸಿಗೆ.

ನನಗೆ ಎಂಬತ್ತೊಂದು. ಕಿವಿ ಹೋಯಿತು, ಕೈ ಹೋಗಿಲ್ಲ. ಆ ಉಳಿಯನ್ನು ಇಂದಿನವರೆಗೂ ಬೇರೆ ಯಾವ ಕೆಲಸಕ್ಕೂ ತೆಗೆದಿಲ್ಲ, ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಸಾಯುವ ಮೊದಲು ಒಂದು ಸಲ ಏಣಿ ಹತ್ತಲು ಬಿಟ್ಟರೆ ಸಾಕು. ಈಗಿನ ಫಾದರ್ ಒಬ್ಬರನ್ನೇ ಕೇಳು. ಆ ಕಮಿಟಿಯವರ ಕಿವಿಗೆ ಮಾತ್ರ ಹಾಕಬೇಡ ಮಾರಾಯ್ತಿ.

ಸದಾನಂದ

*

ಆಂಟಾಪ್ ಹಿಲ್
2 ಮೇ 2025

ದೊಡ್ಡಪ್ಪ,

ನೀವು ಬೇಡ ಎಂದದ್ದನ್ನೇ ಮಾಡಿದೆ. ಮೊದಲು ಬೈದುಬಿಡಿ, ಆಮೇಲೆ ಓದಿ.

ಏಪ್ರಿಲ್ ಮೊದಲ ವಾರ ಮೀಟಿಂಗ್ ಇತ್ತು. ಮನೆಯಲ್ಲಿ ಕಾಯಿಲೆ ಎಂದು ಫಾದರ್ ಊರಿಗೆ ಹೋಗಿದ್ದರು, ಈಸ್ಟರಿನ ಪೂಜೆಗೂ ಬೇರೆಯವರೇ ಬಂದದ್ದು. ಮಿಸ್ಕಿಟಾ ಎಲ್ಲರೆದುರು ಲಿಸ್ಬನ್ ಕಥೆ ಓದಿದರು, ಕಡೆಗೆ "ಲೇಖಕಿ: ಹರಿಣಿ ಆಚಾರ್ಯ" ಎಂದು ಓದಿ ನನ್ನತ್ತ ನಕ್ಕರು. ನನ್ನ ಮಂಡೆ ಕೆಟ್ಟಿತು. ಎದ್ದು ನಿಂತು ಎಲ್ಲ ಹೇಳಿದೆ. ಹಲಸಿನ ಮರ, ಕಾರ್ಕಳ, ನೀವು, ಬಿಡಿಸದೆ ಉಳಿದ ಕಣ್ಣು. ಎಲ್ಲರೂ ತಲೆ ತಗ್ಗಿಸಿದರು. ಅವರಿಗೆ ನಾಚಿಕೆಯಾಯಿತು ಎಂದು ನಾನು ತಿಳಿದೆ. ಅಷ್ಟರಲ್ಲಿ ಒಬ್ಬರು, "ಮತಲಬ್ ಮೂರ್ತಿ ಅಧೂರಿ ಹೈ?" ಎಂದರು. ಮಿಸ್ಕಿಟಾ ಮೇಜಿಗೆ ಬಡಿದು, ನಾನೂರನೇ ವರ್ಷಕ್ಕೆ ಅರ್ಧಂಬರ್ಧ ಮೂರ್ತಿ ಇಡುವುದೇ, ಪೂರ್ತಿ ಮಾಡಿಸೋಣ ಎಂದರು. ಎಲ್ಲರೂ ಕೈ ಎತ್ತಿದರು.

ಈಸ್ಟರಿನ ಹಿಂದಿನ ದಿನ ಬೋರ್ಡು ಬರೆಯುವವನೊಬ್ಬನನ್ನು ಕರೆಸಿ ಬರೆಸಿಬಿಟ್ಟರು. ನಾನು ನೋಡಿದ್ದು ಈಸ್ಟರಿನ ಮರುದಿನ. ದೊಡ್ಡಪ್ಪ, ಹೇಗೆ ಹೇಳಲಿ. ನೀಲಿ ಕಣ್ಣು. ಎನಾಮೆಲ್. ಹುಬ್ಬಿನವರೆಗೆ ರೆಪ್ಪೆ. ಬೋಳು ಉಬ್ಬಿನ ಮೇಲೆ ಬರೆದದ್ದರಿಂದ ಗುಡ್ಡೆ ಹೊರಗೆ ಬಿದ್ದ ಹಾಗೆ ಕಾಣುತ್ತದೆ. ಒಂದು ಕಣ್ಣು ದಾದರ್ ಸ್ಟೇಶನ್ನಿನ ಕಡೆ, ಇನ್ನೊಂದು ಕಾಣಿಕೆ ಡಬ್ಬಿಯ ಕಡೆ. ಕೆನ್ನೆಯ ಮೇಲೆ ನೀಲಿ ಬಣ್ಣ ಸೋರಿದ್ದನ್ನು ಒರೆಸಿಯೂ ಇಲ್ಲ. ಇದರ ಮುಂದೆ ನಿಂತು ಜನ ಸೆಲ್ಫಿ ತೆಗೆಯುತ್ತಾರೆ. ನಾನು ಹೊರಗೆ ಬಂದು ಗಟಾರದ ಬಳಿ ವಾಂತಿ ಮಾಡಿದೆ, ಆ ಚಿಪ್ಪುಗಳ ಮೇಲೆಯೇ.

ಬುಧವಾರದ ಸಾಲು ಕರಗಿದೆ. ನಾಗವ್ವ ಅಂಗಳ ಗುಡಿಸುತ್ತಾಳೆ, ಒಳಗೆ ಕಾಲಿಡುವುದಿಲ್ಲ. ಮೂರ್ತಿ ನಮ್ಮ ದೊಡ್ಡಪ್ಪ ಮಾಡಿದ್ದು, ಇನ್ನೂ ಪೂರ್ತಿಯಾಗಿಲ್ಲ ಎಂದು ಹಿಂದೊಮ್ಮೆ ಅವಳಿಗೆ ಹೇಳಿದ್ದೆ. ಇಷ್ಟು ದಿನ ಬರೀ ಮರಕ್ಕೆ ಬೇಡಿಕೊಂಡೆ ಎಂದು ಬೇಸರವಾಗಿರಬೇಕು. ಕೇಳಿದರೆ, "ಹೋಗ್ಲಿ ಬಿಡ್ರಿ ಅಕ್ಕಾರ," ಎಂದು ಪೊರಕೆ ತಿರುಗಿಸಿದಳು.

ಹರಿಣಿ

*

ಕಾರ್ಕಳ
10 ಮೇ 2025

ಹರಿಣಿ,

ನಿನ್ನನ್ನು ಬೈಯುವ ತ್ರಾಣ ಇಲ್ಲ. ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ನಾನು ಅನ್ನ ನೀರು ಬಿಟ್ಟು ಕಾದ ಕಣ್ಣನ್ನು ಯಾವನೋ ಒಬ್ಬ ಬೋರ್ಡು ಬರೆಯುವವನು ಬೀಡಿ ಸೇದುತ್ತಾ ಬಿಡಿಸಿದ. ಅವನನ್ನೂ ಏನು ಹೇಳುವುದು, ಬರೆ ಎಂದರು, ಬರೆದ. ಬರೆಸಿದವರ ಮುಖಕ್ಕೆ ಉಗಿಯಬೇಕು.

ನಾನು ಬರುತ್ತೇನೆ. ದೊಡ್ಡಮ್ಮ ಬೇಡ ಎನ್ನುತ್ತಾಳೆ, ಅದು ನನಗೆ ಕೇಳಿಸುವುದಿಲ್ಲ. ಫಾದರ್ ಬಿಡುತ್ತಾರೋ ಇಲ್ಲವೋ ಅಷ್ಟು ಮಾತ್ರ ತಿಳಿಸು.

ಸದಾನಂದ

*

ಆಂಟಾಪ್ ಹಿಲ್
19 ಮೇ 2025

ದೊಡ್ಡಪ್ಪ,

ಫಾದರ್ ಒಪ್ಪಿದರು. ಸಣ್ಣ ಪ್ರಾಯದವರು, ಊರಿಂದ ಬಂದು ಆ ಕಣ್ಣು ನೋಡಿ ಅವರಿಗೂ ಹೇಸಿಗೆಯಾಯಿತಂತೆ. ಅವರೇ ಒಂದು ದಾರಿ ಹೇಳಿದರು. ಈ ಬಣ್ಣ ಬಳಿದ ಮೇಲೆ ಹೇಗೂ ಸೆಪ್ಟೆಂಬರ್ ಎಂಟಕ್ಕೆ ಮಾತೆಯನ್ನು ಹೊಸದಾಗಿ ಮಂತ್ರಿಸಬೇಕು. ಅಲ್ಲಿಯವರೆಗೆ ಉಳಿ ತಾಗಿಸಬಹುದು. ಕಮಿಟಿಯ ಜೊತೆ ಮೂರು ಸಲ ಜಗಳವಾಡಿ ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡಿದ್ದೇನೆ. ಈ ಸಲ ಯಾರೂ ನಿಮ್ಮ ಬಾಯಿಗೆ ಕೇಕು ತುರುಕುವುದಿಲ್ಲ. ಬನ್ನಿ. ಬಂದು ಕಣ್ಣು ಬಿಡಿಸಿ.

ಮಳೆ ಹಿಡಿಯುವ ಮೊದಲು ಹೊರಡಿ. ಟಿಕೆಟ್ ಕಳಿಸಿದ್ದೇನೆ.

ಹರಿಣಿ

*

ಆಂಟಾಪ್ ಹಿಲ್
14 ಜೂನ್ 2025

ದೊಡ್ಡಪ್ಪ,

ನೀವು ಮನೆಯಲ್ಲಿದ್ದ ದಿನಗಳಲ್ಲಿ ಕೇಳಲಿಲ್ಲ, ಈಗ ಕೇಳದೆ ಇರಲಾರೆ. ಏನು ಮಾಡಿಹೋದಿರಿ ನೀವು?

ಉಪವಾಸ ಮಾಡಿದಿರಿ. ಮುಂಡು ಉಟ್ಟಿರಿ. ಏಣಿಯನ್ನು ತಡವರಿಸಿಕೊಂಡು ಹತ್ತಿದಿರಿ, ಉಳಿ ಹಿಡಿದ ಕೂಡಲೇ ಕೈ ಪಳಗಿದ ಹಾಗೆ ನಡೆಯಿತು, ನಾನು ಕಣ್ಣಾರೆ ನೋಡಿದೆ. ನೀಲಿ ಬಣ್ಣವನ್ನು ಎಷ್ಟು ನಾಜೂಕಾಗಿ ಎಬ್ಬಿಸಿದಿರಿ ಎಂದರೆ ಮರಕ್ಕೆ ಒಂದು ಗೀರೂ ಬೀಳಲಿಲ್ಲ. ಅಷ್ಟರಲ್ಲಿ ಮಿಸ್ಕಿಟಾ ದೀಪದ ಫ್ಯೂಸ್ ತೆಗೆಸಿದ್ದಾರೆಂದು ನಾನು ಆಫೀಸಿಗೆ ಜಗಳಕ್ಕೆ ಹೋದೆ. ಬರುವಷ್ಟರಲ್ಲಿ ನೀವು ಕೆಳಗೆ ಕೂತು ನೀರು ಕುಡಿಯುತ್ತಿದ್ದಿರಿ. ಮೇಲೆ ಎರಡು ಬೋಳು ಗುಡ್ಡೆ, ಅರಿಶಿನ ಬಣ್ಣದ ಮರ, ಕಣ್ಣಿಲ್ಲ. ಕೇಳಿದರೆ "ಆಯಿತು ಮಗಾ, ಹೋಗುವ" ಎಂದಿರಿ. ಐವತ್ತು ವರ್ಷ ಕಾದದ್ದು ಇದಕ್ಕೇ?

ಮಿಸ್ಕಿಟಾ ಸಿಕ್ಕವರಿಗೆಲ್ಲ ಹೇಳುತ್ತಾ ನಗುತ್ತಿದ್ದಾರೆ. "ಮ್ಯಾಡಮ್ ಕಾ ಅಂಕಲ್ ಆಯಾ, ದೂಸ್ರಿ ಬಾರ್ ಭಿ ಆಧಾ ಛೋಡ್‌ಕೆ ಗಯಾ." ಎರಡನೇ ಸಲವೂ ಅರ್ಧ ಬಿಟ್ಟು ಹೋದಿರಂತೆ. ಆ ನಗು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಿಮಗೆ ಕೈ ನಡೆಯಲಿಲ್ಲ ಎಂದು ಅವರ ಲೆಕ್ಕ. ಧೈರ್ಯ ಸಾಲಲಿಲ್ಲ ಎಂದು ನನ್ನ ಲೆಕ್ಕ. ಸಿಟ್ಟು ಬಂದರೆ ಬರಲಿ.

ಜನ ಮಾತ್ರ ವಿಚಿತ್ರ. ಹೋದ ಬುಧವಾರ ಸಾಲು ಮತ್ತೆ ಬಂದಿದೆ. ನಾಗವ್ವ ಎಲ್ಲರಿಗಿಂತ ಮುಂದೆ ಕೂತು ತುಟಿ ಅಲ್ಲಾಡಿಸುತ್ತಿದ್ದಳು. ಅವಳ ಪೊರೆಗೆ ಸಾಯನ್ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದರೆ, "ನನ್ನ ಕಣ್ಣಿಗೆ ಏನಾಗೇತ್ರಿ?" ಎಂದು ನನ್ನನ್ನೇ ಕೇಳಿದಳು.

ಪುಸ್ತಕ ಮುಂದಿನ ತಿಂಗಳು ಪ್ರೆಸ್ಸಿಗೆ ಹೋಗುತ್ತದೆ. ಲಿಸ್ಬನ್ನನ್ನು ಫಾದರ್ ತೆಗೆಸಿದ್ದಾರೆ. ಮಾತೆಯ ಜಾಗದಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಏನು ಬರೆಯಲಿ? ಅರ್ಧ ಕೆಲಸ ಎಂದು ಬರೆಯಲೇ?

ಹರಿಣಿ

*

ಕಾರ್ಕಳ
27 ಜೂನ್ 2025

ಮಗಾ ಹರಿಣಿ,

ಸಿಟ್ಟು ಬಂತು, ಹೋಯಿತು. ಈಗ ಬರೆಯುತ್ತೇನೆ. ಇದರಲ್ಲಿ ಇನ್ನೊಬ್ಬರ ಗುಟ್ಟು ಉಂಟು, ಓದಿ ನಿನ್ನ ಹೊಟ್ಟೆಯಲ್ಲಿ ಹಾಕಿಕೋ. ನಿನಗೆ ಹೇಳಬಹುದು ಎಂದು ಅವಳೇ ಹೇಳಿದ್ದಾಳೆ.

ನೀನು ಆಫೀಸಿಗೆ ಹೋದಾಗ ನಾನು ಬಣ್ಣ ತೆಗೆದು ಮುಗಿಸಿ ಉಳಿಯನ್ನು ಎಡಗಣ್ಣಿನ ಮೂಲೆಗೆ ಇಟ್ಟಿದ್ದೆ. ಕಾಲ ಕೆಳಗೆ ಏಣಿ ಅಲ್ಲಾಡಿತು. ನೋಡಿದರೆ ನಾಗವ್ವ ಪೊರಕೆ ಬಿಸಾಡಿ ಏಣಿ ಹಿಡಿದುಕೊಂಡಿದ್ದಾಳೆ, ಏನೋ ಹೇಳುತ್ತಿದ್ದಾಳೆ. ಕಿವಿ ಕೇಳಿಸುವುದಿಲ್ಲ ಎಂದು ಸನ್ನೆ ಮಾಡಿದೆ. ಅವಳು ಸುತ್ತ ನೋಡಿದಳು. ಯಾರೂ ಇರಲಿಲ್ಲ, ಹೊರಗೆ ಟೈಲ್ಸು ಕೊಯ್ಯುವ ಮೆಶಿನ್ ಓಡುತ್ತಿತ್ತು. ಎರಡು ಮೆಟ್ಟಿಲು ಹತ್ತಿ ಬಂದು ಕಿರುಚಿದಳು.

"ಯಪ್ಪಾ, ಅಕಿ ಕಣ್ಣ ತೆರೀಬ್ಯಾಡ."

ಯಾಕೆ ಎಂದೆ.

"ಮನ್ಯಾಗ ನಮ್ಮ ಎಲ್ಲವ್ವನ ಫೋಟೋ ಐತಿ, ಇಷ್ಟಗಲ ಕಣ್ಣು. ಅಕಿ ಮುಂದ ನಿಂತ್ರ ಊದಿನಕಡ್ಡಿ ಹಚ್ಚೂದು ಬಿಟ್ರ ನನಗ ಬಾಯಿ ಬರೂದಿಲ್ಲ. ಮನ್ಯಾಂವ ಕುಡದ ಬಂದ ಹೊಡೀತಾನ. ಅವಾ ಸಾಯ್ಲಿ ಅಂತ ನಾ ಬೇಡ್ಕೋತೀನಿ. ನನ್ನ ಮಕ್ಕಳ ಅಪ್ಪ ಸಾಯ್ಲಿ ಅಂತ. ಕಣ್ಣ ಬಿಟ್ಟ ನೋಡೂ ದೇವರ ಮುಂದ ಇಂಥಾ ಮಾತ ಆಡಾಕ ಆಗತೈತೇನ? ಈಕಿ ನೋಡೂದಿಲ್ಲ, ಬರೇ ಕೇಳ್ತಾಳ. ಹೇಳಿ ಹೊಳ್ಳಿ ಹೋದ್ರ ನಾಕ ದಿನ ಬಾಳೇವು ಮಾಡಾಕ ತ್ರಾಣ ಬರತೈತಿ. ಆ ನೀಲಿ ಕಣ್ಣ ಬರದಾಗಿಂದ ನಾ ಒಳಗ ಬಂದಿಲ್ಲ. ನಾನೊಬ್ಬಾಕಿ ಅಲ್ಲ, ಯಾರೂ ಬಂದಿಲ್ಲ."

ಅಷ್ಟು ದೊಡ್ಡ ಗುಟ್ಟನ್ನು ನನ್ನ ದೆಸೆಯಿಂದ ಅವಳು ಇಡೀ ಇಗರ್ಜಿಗೆ ಕೇಳುವ ಹಾಗೆ ಕಿರುಚಬೇಕಾಯಿತು. ಕನ್ನಡ ತಿಳಿಯುವವರು ನಾವಿಬ್ಬರೇ ಇದ್ದದ್ದು ಪುಣ್ಯ.

ಹಾಗಾದರೆ ಮೇಣದ ಕಣ್ಣು ಯಾಕೆ ಇಡುತ್ತೀ, ನಿನಗೆ ಪೊರೆಯಲ್ಲವೋ ಎಂದು ಕೇಳಿದೆ. ಅವಳಿಗೆ ನಗು ಬಂತು. "ಅವು ನನ್ನವಲ್ಲ, ಅಕಿವು. ಬೇಕಾದ್ರ ಇವನ್ನ ಇಟಗೋ, ನಿನ್ನವು ಮುಚ್ಚೇ ಇರ್ಲಿ ಅಂತ ಇಡೂದು," ಎಂದಳು. ನೀನೂ ತಿಳಿಯಲಿಲ್ಲ, ನಾನೂ ತಿಳಿಯಲಿಲ್ಲ. ಪ್ರತಿ ವಾರ ಕೆಲವರಾದರೂ ನಾನು ಬಿಡಿಸದೆ ಬಿಟ್ಟದ್ದನ್ನು ಬಿಡಿಸಬೇಡ ಎಂದು ಬೇಡುತ್ತಿದ್ದರು. ನಾನು ಇಲ್ಲಿ ಕೂತು ಬಿಡಿಸಬೇಕೆಂದು ಬೇಡುತ್ತಿದ್ದೆ.

ಧೈರ್ಯ ಇತ್ತು, ಕೈಯೂ ಇತ್ತು. ಎರಡು ಗೀರು ಎಳೆದರೆ ಮುಗಿಯಿತು. ಆದರೆ ಎಳೆದರೆ ಅವಳು ಎಲ್ಲಿಗೆ ಹೋಗಬೇಕು? ಮರಕ್ಕೆ ಬೇಡುತ್ತಾರೆ ಎಂದು ನಾನು ಹೇಸಿಕೊಂಡದ್ದು ನೆನಪಾಯಿತು. ಆ ಹೆಂಗಸಿನ ಮಾತು ಇಷ್ಟು ವರ್ಷ ಕೇಳಿಸಿಕೊಂಡದ್ದು ಬರೀ ಮರ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಉಳಿ ಸೊಂಟಕ್ಕೆ ಸಿಕ್ಕಿಸಿ ಇಳಿದೆ. ಇಳಿಯುವಾಗ, "ನಿನ್ನ ಗಂಡ ಈಗ ಹೇಗಿದ್ದಾನೆ?" ಎಂದು ಕೇಳಿದೆ. "ಗುಂಡಕಲ್ಲ ಆಗ್ಯಾನ," ಎಂದಳು.

ಮಿಸ್ಕಿಟಾ ನಗಲಿ. ನಗುವವರ ಬಾಯಿಗೆ ಎನಾಮೆಲ್ ಬಳಿಯಲು ಆಗುವುದಿಲ್ಲ. ನೀನು ಫಾದರಿಗೆ ಹೇಳಿ ಇಷ್ಟು ಮಾಡಿಸು. ಮಾತೆಯ ಮುಖಕ್ಕೆ ಹಳೆಯ ಹಾಗೆಯೇ ತೆಳ್ಳಗೆ ಮೈಬಣ್ಣ ಹಾಕಿಸಿ, ರೆಪ್ಪೆಯ ಗೆರೆ ಎಳೆಸಿ, ಸೆಪ್ಟೆಂಬರ್ ಎಂಟಕ್ಕೆ ಹಾಗೆಯೇ ಮಂತ್ರಿಸಲಿ. ಆಮೇಲೆ ಯಾರೂ ಮುಟ್ಟುವ ಹಾಗಿಲ್ಲವಲ್ಲ, ಅವರ ಆ ಪದ್ಧತಿ ಈಗ ನನಗೆ ಒಳ್ಳೆಯದೇ ಅನ್ನಿಸುತ್ತದೆ. ನಾಗವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಡ, ಆಗುವುದಾದರೆ ಪೊಲೀಸ್ ಸ್ಟೇಶನ್ನಿಗೆ ಕರೆದುಕೊಂಡು ಹೋಗು.

ಖಾಲಿ ಬಿಟ್ಟ ಸಾಲಿನಲ್ಲಿ ನನ್ನ ಹೆಸರು ಹಾಕು. ಅರ್ಧ ಎಂದು ಬರೆಯಬೇಡ. ಕೆಲಸ ಮುಗಿದದ್ದು 1976ರಲ್ಲಿಯೇ, ನನಗೆ ತಿಳಿದದ್ದು ಈ ತಿಂಗಳು.

ಆ ಉಳಿಯ ಬಟ್ಟೆ ಬಿಚ್ಚಿದ್ದೇನೆ. ನಿನ್ನೆಯಿಂದ ಅದು ಬೇರೆ ಉಳಿಗಳ ಜೊತೆಗೇ ಉಂಟು.

ಸದಾನಂದ